ಸತ್ಯಾಂಶ: ಭಕ್ತಿ ಇದ್ದವರಿಗೆ ಖಿನ್ನತೆ ಬರುವುದಿಲ್ಲವಾ?

“ದೇವರನ್ನು ನಂಬಿದವರಿಗೆ ಸಾಯುವ ಯೋಚನೆ ಬರಲ್ಲ. ಬಂದರೆ ಭಕ್ತಿ ಸಾಲದು ಅಂತ ಅರ್ಥ. ಅದರ ಬಗ್ಗೆ ಕೇಳಲೂಬೇಡಿ, ಕೇಳಿದರೆ ತಲೆಗೆ ಹೊಕ್ಕೀತು.” ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ತಪ್ಪು.

ಇಂಥ ಯೋಚನೆ ತರಬಲ್ಲ ಖಿನ್ನತೆ ಒಂದು ಕಾಯಿಲೆ. ಶುಗರ್, ಬಿಪಿ ಭಕ್ತರನ್ನು ಬಿಟ್ಟಿವೆಯಾ? ನಂಬಿಕೆ, ಜೊತೆಗಿರುವ ಜನ ಎಷ್ಟೋ ಮಂದಿಗೆ ಆಸರೆ, ನಿಜ. ಆದರೆ “ಭಕ್ತಿ ಸಾಲದು” ಅಂದರೆ ನೊಂದವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅಷ್ಟೇ.

ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾ ನೋಡಿ. ಅಲ್ಲಿ 2008ರಲ್ಲಿ ‘ದವಾ-ದುವಾ’ ಶುರುವಾಯಿತು, ಅಂದರೆ ಔಷಧಿ ಮತ್ತು ಪ್ರಾರ್ಥನೆ. ಹರಕೆ ಹೊತ್ತು ಬಂದವರನ್ನು ಮುಜಾವರರೇ (ದರ್ಗಾ ನೋಡಿಕೊಳ್ಳುವವರು) ಅಲ್ಲಿನ ಮನೋವೈದ್ಯರ ಹತ್ತಿರ ಕಳಿಸತೊಡಗಿದರು. ದುವಾ ಬಿಡಬೇಕಿಲ್ಲ, ಮಾತ್ರೆಯೂ ಸಿಗುತ್ತದೆ. ಜಾಣತನ ಅಲ್ವಾ?

ಇನ್ನು ಕೇಳುವ ವಿಷಯ. ಕೇಳಿದ್ದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಎಷ್ಟೋ ಸಲ ಮನಸ್ಸು ಹಗುರಾಗುತ್ತದೆ. ಮಂಗಳಾರತಿ ಮುಗಿದ ಮೇಲೆ ಜಗಲಿಯಲ್ಲಿ ನೊಂದವರ ಪಕ್ಕ ಕೂತು, “ಜೀವ ಬೇಡ ಅನ್ನಿಸ್ತಿದೆಯಾ?” ಅಂತ ಮೆಲ್ಲಗೆ ಕೇಳಿ. ಬುದ್ಧಿವಾದ ಬೇಡ, ಸುಮ್ನೆ ಕೇಳಿಸಿಕೊಳ್ಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.