ಹಸು ಗೊಡ್ಡಲ್ಲ ಮಾವ, ಅದು ಮೇ ತಿಂಗಳು!

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಪಕ್ಕದ ಮನೆ ಮಾವ ತಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸೂನ ವ್ಯಾಪಾರಿ ಟೆಂಪೋಗೆ ಹತ್ತಿಸಿಬಿಟ್ರು. "ಮೂರು ಸಲ ಗಬ್ಬಕ್ಕೆ ಇಂಜೆಕ್ಷನ್ ಹಾಕ್ಸಿದೆ, ನಿಲ್ಲಲಿಲ್ಲ. ಗೊಡ್ಡು ಬಿಡಮ್ಮ."

ಹಾಕ್ಸಿದ್ದು ಯಾವಾಗ? ಮಾರ್ಚ್, ಏಪ್ರಿಲ್, ಮೇ. ನಮ್ಮ ಚಳ್ಳಕೆರೆ ಬಿಸಿಲಲ್ಲಿ, ತಗಡಿನ ಶೀಟಿನ ಕೆಳಗೆ!

ಹಸುವಿನ ಮೈ ಬಿಸಿಯೇ ಸುಮಾರು 38.5 ಡಿಗ್ರಿ. ಮೇವು ಅರಗಿಸೋ ಕಾವು, ಹಾಲು ಕಟ್ಟೋ ಕಾವು ಬೇರೆ. ಹೊರಗೂ ಅಷ್ಟೇ ಉರಿ ಇದ್ರೆ ಅದನ್ನೆಲ್ಲ ಎಲ್ಲಿಗೆ ಬಿಡಬೇಕು ಪಾಪ? ಜಾಸ್ತಿ ಹಾಲಿನ ಹಸುವಿಗೇ ಜಾಸ್ತಿ ಸಂಕಟ. ಬೆದೆ, ಅಂದ್ರೆ ಹೋರಿ ಬಯಸೋ ಹೊತ್ತು, ಮೊಟಕಾಗುತ್ತೆ. ಕೂಗಲ್ಲ, ಬೇರೆ ಹಸು ಮೇಲೆ ಹಾರಲ್ಲ, ರಾತ್ರಿ ಬಂದು ರಾತ್ರಿನೇ ಹೋಗಿರುತ್ತೆ. ಮುಂದಿನ ಬೆದೆವರೆಗೆ ನಾವು 21 ದಿನ ಕಳ್ಕೊಂಡ್ವಿ. ಸರಿಯಾದ ಹೊತ್ತಿಗೆ ಹಾಕ್ಸಿದ್ರೂ ಮೊದಲ ಕೆಲವು ದಿನದ ಭ್ರೂಣ ಆ ಕಾವಿಗೆ ಉಳಿಯೋದು ಕಷ್ಟ. ಕಾವಿಗೆ ಸಿಕ್ಕ ಅಂಡದ ತೊಂದರೆ ಮಳೆ ಬಿದ್ದ ಮೇಲೂ ಕೆಲವು ವಾರ ಎಳೆಯುತ್ತೆ. ಇಷ್ಟೆಲ್ಲ ಆದ್ಮೇಲೆ ಬಿರುದು ಹಸುವಿಗೆ: ಗೊಡ್ಡು.

ಇಂಜೆಕ್ಷನ್‌ಗೆ ಹೋರಿ ಆರಿಸೋವಾಗ ಕೇಳೋದು ಒಂದೇ ಪ್ರಶ್ನೆ: ಅದರ ತಾಯಿ ಎಷ್ಟು ಲೀಟರ್? ಅದರ ಹೆಣ್ಣು ಕರುಗಳು ಬೇಸಿಗೇಲಿ ಗಬ್ಬ ನಿಲ್ತಾವಾ ಅಂತ ಒಬ್ಬರಾದ್ರೂ ಕೇಳಿದ್ದೀರಾ? ಗಬ್ಬ ನಿಲ್ಲೋ ಗುಣ ಹಾಲಿನ ಗುಣದಷ್ಟು ಸಲೀಸಾಗಿ ವಂಶದಲ್ಲಿ ಇಳಿಯಲ್ಲ, ಒಪ್ಪಿದೆ. ಅದಕ್ಕೇ ತಾನೇ ಯಾವ ಹೋರಿ, ಎಷ್ಟನೇ ಸಲಕ್ಕೆ ನಿಂತಿತು ಅಂತ ಬರೆದಿಡಬೇಕಾದ್ದು! ಚೀಟಿ ವ್ಯವಹಾರಕ್ಕೆ ನೋಟ್‌ಬುಕ್ ಇದೆ, ಹಸುವಿಗಿಲ್ಲ.

"ಹಂಗಾದ್ರೆ ಅಮೃತಮಹಲ್ ಕಟ್ಕೊಳಿ" ಅಂತ ಕಾಮೆಂಟ್ ಹಾಕೋಕೆ ಬೆರಳು ಮಸೀತಿರೋರಿಗೆ: ಕೈ ಮುಗಿದೆ. ಮೈಸೂರು ಅರಸರ ದಂಡಿನ ಸಾಮಾನು ಎಳೆದ ತಳಿ ಅದು, ಬಿಸಿಲಿಗೆ ಜಗ್ಗಲ್ಲ. ಆದ್ರೆ ಅದರ ಹಾಲು ಕರುವಿಗೇ ಸರಿ. ನನ್ನ ಸಾಲದ ಕಂತು ನೀವು ಕಟ್ತೀರಾ? ಬ್ರೆಜಿಲ್‌ನವರು ನಮ್ಮ ಗುಜರಾತಿನ ಗಿರ್ ತಳಿ ತಗೊಂಡು ಹೋಗಿ ಹೋಲ್‌ಸ್ಟೀನ್ ಜೊತೆ ಬೆರೆಸಿ ಗಿರೊಲ್ಯಾಂಡೊ ಮಾಡ್ಕೊಂಡ್ರು, ಎಂಟರಲ್ಲಿ ಐದು ಪಾಲು ಹೋಲ್‌ಸ್ಟೀನ್, ಮೂರು ಪಾಲು ಗಿರ್. ಕೆರಿಬಿಯನ್ ದ್ವೀಪದ ಸೆನೆಪೋಲ್ ಹಸುವಿನ ಗಿಡ್ಡ ನುಣುಪು ಕೂದಲಿನ ಜೀನನ್ನ ಹೋಲ್‌ಸ್ಟೀನ್‌ಗೆ ಇಳಿಸಿದ್ದಾರೆ, ಸೆಕೇಲಿ ಅವುಗಳ ಮೈ ಅಷ್ಟು ಕಾಯಲ್ಲ. ನಾವಿನ್ನೂ ಲೀಟರ್ ಲೆಕ್ಕದಲ್ಲೇ ಇದ್ದೀವಿ.

ಫ್ಯಾನ್ ಹಾಕಿ, ನೀರು ಸಿಂಪಡಿಸಿ ಅನ್ನೋರೂ ಇದ್ದಾರೆ. ಸರಿ ಸ್ವಾಮಿ, ಹಾಕೋಣ. ಮಧ್ಯಾಹ್ನ ಕರೆಂಟೂ ನೀರೂ ನೀವೇ ಕಳಿಸಿ.

ಮಾವನ ಮೇಲೆ ಇಷ್ಟು ಕೂಗಾಡಿದ್ದಕ್ಕೆ ಕಾರಣ ಇದೆ. ಹಿಂದೊಮ್ಮೆ ನಾನೂ ನಮ್ಮ ಗೌರೀನ ಹಿಂಗೇ ಮಾರಿದ್ದೆ, ಮೇ ಕೊನೇಲಿ, ಬಾಯಿಗೆ ಬಂದ ರೇಟಿಗೆ. ತಗೊಂಡೋರು ಹಿರಿಯೂರು ಕಡೆಯವರು. ದೀಪಾವಳಿಗೆ ಫೋನ್ ಮಾಡಿದ್ರು: "ಅಕ್ಕಾ, ನಿಮ್ಮ ಹಸು ಗಬ್ಬ ಐತೆ, ಒಂದೇ ಸಲಕ್ಕೆ ನಿಂತೈತೆ."

"ಸಂತೋಷ" ಅಂದೆ. ಆಮೇಲೆ ಕೊಟ್ಟಿಗೆಗೆ ಹೋಗಿ ಅವಳ ಗೂಟ ಕಿತ್ತು ಹಾಕ್ದೆ.