ದುಬಾರಿ ಸೌರಫಲಕ ಮನೆಗೆ ಬೇಕೇ? ಪರ – ವಿರೋಧ

ಪರ: ಚಾವಣಿ ಬೆಳೆಯುವುದಿಲ್ಲ, ಫಲಕವೇ ಹೆಚ್ಚು ದುಡಿಯಬೇಕು

ಪ್ರೀಮಿಯಂ, ಅಂದರೆ ಹೆಚ್ಚು ದಕ್ಷತೆಯ ದುಬಾರಿ ಫಲಕಗಳ ಪರವಾಗಿ ಬರೆಯುವ ಹೊಣೆ ಈ ಚರ್ಚೆಯಲ್ಲಿ ನನ್ನ ಪಾಲಿಗೆ ಬಂದಿದೆ. ಎಲ್ಲ ಮನೆಗಳಿಗೂ ಅವೇ ಬೇಕೆಂದು ನಾನು ಹೇಳಲಾರೆ. ವಿಶಾಲವಾದ ಚಾವಣಿಯುಳ್ಳವರು ಸಲಹೆ ಕೇಳಿದರೆ ನಾನೂ ತುಸು ಯೋಚಿಸಿಯೇ ಉತ್ತರಿಸುತ್ತೇನೆ. ಆದರೆ ‘ಎಲ್ಲವೂ ಸಿಲಿಕಾನೇ ತಾನೆ, ಅಗ್ಗವಾದದ್ದನ್ನು ಹಾಕಿಸಿ ಸುಮ್ಮನಿರಿ’ ಎಂಬ ಮಾತು ಈಚೆಗೆ ತೀರ ಸಲೀಸಾಗಿ ಕೇಳಿಬರುತ್ತಿರುವುದರಿಂದ, ಅದಕ್ಕೆದುರಾಗಿ ಕೆಲವು ಸಂಗತಿಗಳನ್ನು ಹೇಳಲೇಬೇಕಾಗಿದೆ.

ಮೊದಲನೆಯದು ಜಾಗದ ಪ್ರಶ್ನೆ. ಫಲಕದ ಸಾಮರ್ಥ್ಯವನ್ನು ಪರೀಕ್ಷಾಲಯದಲ್ಲಿ ಅಳೆಯುವಾಗ ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಹಾಯಿಸಿ, ಫಲಕದೊಳಗೆ ವಿದ್ಯುತ್ತು ಉತ್ಪಾದಿಸುವ ಕೋಶದ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುತ್ತಾರೆ. ಶೇಕಡಾ 20ರ ದಕ್ಷತೆಯ ಫಲಕ ಒಂದು ಚದರ ಮೀಟರಿನಿಂದ 200 ವ್ಯಾಟ್ ಕೊಟ್ಟರೆ, ಶೇಕಡಾ 23ರದು 230 ವ್ಯಾಟ್ ಕೊಡುತ್ತದೆ. ನೆರಳು ಬೀಳದ ಜಾಗ ಕೇವಲ 20 ಚದರ ಮೀಟರ್ ಇರುವ ಮನೆಯಲ್ಲಿ ಇದು 4 ಕಿಲೋವ್ಯಾಟ್ ಮತ್ತು 4.6 ಕಿಲೋವ್ಯಾಟ್‌ಗಳ ಅಂತರವಾಗುತ್ತದೆ. ಹಣವನ್ನು ನಾಳೆಯೂ ಸಂಪಾದಿಸಬಹುದು, ಚಾವಣಿಯನ್ನು ಹಿಗ್ಗಿಸಲಾಗದು. ಇಕ್ಕಟ್ಟಿನ ಚಾವಣಿಯಿಂದ ಮನೆಯ ಬಳಕೆಯಷ್ಟೂ ವಿದ್ಯುತ್ತನ್ನು ಪಡೆಯಬೇಕೆನ್ನುವವರಿಗೆ ಬೇರೆ ದಾರಿಯಾದರೂ ಎಲ್ಲಿದೆ?

ಶೇಕಡಾ ಮೂರು ಎಂದರೆ ಅಲ್ಪವೆಂದು ತೋರಬಹುದು. 1954ರಲ್ಲಿ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ ಮೊದಲ ಉಪಯುಕ್ತ ಸಿಲಿಕಾನ್ ಕೋಶದ ದಕ್ಷತೆ ಸುಮಾರು ಶೇಕಡಾ 6 ಇತ್ತು. ಒಂದೇ ಪದರದ ಸಿಲಿಕಾನ್ ಕೋಶಕ್ಕೆ ಭೌತವಿಜ್ಞಾನ ಹಾಕಿರುವ ಮಿತಿ ಶೇಕಡಾ 29ರ ಆಸುಪಾಸಿನಲ್ಲಿದೆ. ಆ ಮಿತಿಯ ಇಷ್ಟು ಸಮೀಪಕ್ಕೆ ಬಂದಮೇಲೆ ಪ್ರತಿಯೊಂದು ಮೆಟ್ಟಿಲೂ ಕಡಿದಾಗಿರುತ್ತದೆ. ಕೋಶದ ಮುಖದ ಮೇಲಿನ ಲೋಹದ ಗೆರೆಗಳು ಬೆಳಕಿಗೆ ಅಡ್ಡ ಬರುತ್ತವೆಂದು ಅವನ್ನೆಲ್ಲ ಬೆನ್ನಿಗೆ ಒಯ್ದಿರುವ ಫಲಕಗಳಿವೆ. ಮುಂಭಾಗದಲ್ಲಿ ಒಂದು ಗೆರೆಯೂ ಕಾಣದ ಆ ನಯವಾದ ಕಪ್ಪು ಮೈ ಬರೀ ಅಲಂಕಾರಕ್ಕಾಗಿ ಮಾಡಿದ್ದಲ್ಲ.

ಎರಡನೆಯದು ಬಿಸಿ. ‘400 ವ್ಯಾಟ್ ಫಲಕ ಯಾವುದಾದರೂ 400 ವ್ಯಾಟೇ’ ಎಂದು ವಾದಿಸುವವರಿದ್ದಾರೆ. ಅದು ಪರೀಕ್ಷಾಲಯದ ಮಾತು, ಚಾವಣಿಯ ಮಾತಲ್ಲ. ಉರಿಬಿಸಿಲಿನಲ್ಲಿ ಕೋಶಗಳ ಉಷ್ಣತೆ 65 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಸಾಮಾನ್ಯ ಫಲಕಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪರ್ಕ್ ಎಂಬ ಬಗೆಯ ಕೋಶಗಳು 25ಕ್ಕಿಂತ ಮೇಲೇರುವ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.35ರಷ್ಟು ಸಾಮರ್ಥ್ಯ ಕಳೆದುಕೊಂಡರೆ, ಕೆಲವು ಪ್ರೀಮಿಯಂ ಫಲಕಗಳಲ್ಲಿರುವ ಹೆಟೆರೋಜಂಕ್ಷನ್ ಎಂಬ ಬಗೆಯ ಕೋಶಗಳು ಸುಮಾರು 0.26ರಷ್ಟು ಮಾತ್ರ ಕಳೆದುಕೊಳ್ಳುತ್ತವೆ. 40 ಡಿಗ್ರಿಯ ಏರಿಕೆಗೆ ಲೆಕ್ಕ ಹಾಕಿದರೆ ಒಂದರ ನಷ್ಟ ಶೇಕಡಾ 14, ಇನ್ನೊಂದರದು ಶೇಕಡಾ 10ಕ್ಕಿಂತ ತುಸು ಹೆಚ್ಚು.

ಮೂರನೆಯದು ವಯಸ್ಸು. ಒಳ್ಳೆಯ ಪ್ರೀಮಿಯಂ ಫಲಕಗಳಿಗೆ 25ನೇ ವರ್ಷದಲ್ಲಿಯೂ ಮೂಲ ಸಾಮರ್ಥ್ಯದ ಶೇಕಡಾ 92ರಷ್ಟು ಉಳಿದಿರುತ್ತದೆಂಬ ಭರವಸೆಯನ್ನು ಬರಹದಲ್ಲಿ ಕೊಡುತ್ತಾರೆ. ಸಾಮಾನ್ಯ ಫಲಕಗಳ ಭರವಸೆ ಶೇಕಡಾ 80ರಿಂದ 85ಕ್ಕೆ ನಿಲ್ಲುವುದುಂಟು. ಕೆಟ್ಟ ಫಲಕವನ್ನು ಕೆಳಗಿಳಿಸಿ ಹೊಸದನ್ನು ಏರಿಸುವ ಕೂಲಿ, ಅಟ್ಟಣೆ, ಹಳೆಯ ಚೌಕಟ್ಟಿಗೆ ಹೊಂದದ ಹೊಸ ಅಳತೆ ಇವೆಲ್ಲ ಖರೀದಿಯ ದಿನ ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ಜಾಗ ಕಡಿಮೆಯಿದ್ದು, ಆ ಮನೆಯಲ್ಲಿಯೇ ಬಹುಕಾಲ ಬಾಳುವವರು ಹೆಚ್ಚಿನ ಬೆಲೆ ತೆತ್ತರೆ ಅದು ದುಂದಲ್ಲ ಎಂಬಷ್ಟನ್ನು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ವಿರೋಧ: ಹಣದ ಚೀಲ ಒಂದೇ, ಅದನ್ನು ಗಾಜಿನ ಮೇಲೆ ಸುರಿಯಬೇಡಿ

ನನ್ನ ಮನೆಯ ಚಾವಣಿಯ ಮೇಲಿರುವುದು ಪ್ರೀಮಿಯಂ ಫಲಕಗಳೇ. ಒಂಬತ್ತು ವರ್ಷಗಳ ಹಿಂದೆ, ಸಿಗುವುದರಲ್ಲಿ ಅತ್ಯುತ್ತಮವಾದದ್ದೇ ಬೇಕೆಂದು ಹಟ ಹಿಡಿದು ಹಾಕಿಸಿದವನು ನಾನು. ಆದ್ದರಿಂದ ಈ ವಿರೋಧ ಕೊಳ್ಳಲಾಗದವನ ಅಸಮಾಧಾನವಲ್ಲ. ಕೊಂಡು, ಬಳಸಿ, ಲೆಕ್ಕ ಬರೆದಿಟ್ಟವನ ಮಾತು ಎಂದು ಓದುಗರು ತಿಳಿಯಬೇಕು.

ಪರವಾಗಿ ಬರೆಯುವವರು ದಕ್ಷತೆ ಎಂಬ ಪದವನ್ನು ಬಳಸಿದೊಡನೆ ಹೆಚ್ಚಿನವರ ಮನಸ್ಸಿನಲ್ಲಿ ಒಂದು ತಪ್ಪು ಚಿತ್ರ ಮೂಡುತ್ತದೆ. ಹೆಚ್ಚು ದಕ್ಷತೆಯ 400 ವ್ಯಾಟ್ ಫಲಕ ಹೆಚ್ಚು ವಿದ್ಯುತ್ತು ಕೊಡುತ್ತದೆಂದು ಅವರು ಭಾವಿಸುತ್ತಾರೆ. ಅದು ಕಡಿಮೆ ಜಾಗದಲ್ಲಿ 400 ವ್ಯಾಟ್ ಕೊಡುತ್ತದೆ, ಅಷ್ಟೇ. ಜಾಗವಿರುವ ಮನೆಯಲ್ಲಿ 4 ಮತ್ತು 4.6 ಕಿಲೋವ್ಯಾಟ್‌ಗಳ ನಡುವಿನ ಆ 600 ವ್ಯಾಟ್‌ಗಳ ಅಂತರವನ್ನು ತುಂಬಲು ಇನ್ನೆರಡು ಸಾಮಾನ್ಯ ಫಲಕಗಳು ಸಾಕು. ಬಿಸಿಲಿಗೆ ಫಲಕ ಹೊಸ ಮಾದರಿಯದೋ ಹಳೆಯ ಮಾದರಿಯದೋ ಎಂಬ ಭೇದವಿಲ್ಲ. ಇಕ್ಕಟ್ಟಿನ ಚಾವಣಿಯ ಮಾತೇ ಬೇರೆ, ಅದನ್ನು ಎಲ್ಲರ ಮೇಲೂ ಹೇರಬೇಕಾಗಿಲ್ಲ.

ಬೆಲೆಯನ್ನು ಹೋಲಿಸುವಾಗ ಫಲಕಕ್ಕೆ ಫಲಕವನ್ನು ಹೋಲಿಸುವುದು ಸರಿಯಲ್ಲ, ಇಡೀ ವ್ಯವಸ್ಥೆಗೆ ಇಡೀ ವ್ಯವಸ್ಥೆಯನ್ನು ಹೋಲಿಸಬೇಕು. ಸಾಮಾನ್ಯ ಫಲಕಗಳನ್ನು ಹಾಕಿಸಿದರೆ ಇನ್ವರ್ಟರ್, ಚೌಕಟ್ಟು, ತಂತಿ, ಕೂಲಿ ಎಲ್ಲ ಸೇರಿ ಒಟ್ಟು 100 ಪಾಲು ಖರ್ಚಾಗುತ್ತದೆ, ಅದರಲ್ಲಿ ಫಲಕಗಳದು 40 ಪಾಲು ಎಂದು ಇಟ್ಟುಕೊಳ್ಳೋಣ. ಪ್ರೀಮಿಯಂ ಫಲಕಗಳ ಬೆಲೆ ಒಂದೂವರೆ ಪಟ್ಟಾದರೆ 40ರ ಜಾಗದಲ್ಲಿ 60 ಬಂದು ಒಟ್ಟು 120 ಆಗುತ್ತದೆ. ಹೆಚ್ಚು ತೆತ್ತದ್ದು ಶೇಕಡಾ 20. ಪ್ರತಿಯಾಗಿ ಬಂದದ್ದೇನು? ಬಿಸಿಯ ಲಾಭವೆಂದು ಹೇಳುವ ಶೇಕಡಾ ನಾಲ್ಕು ನೆತ್ತಿ ಸುಡುವ ಹೊತ್ತಿನ ಲೆಕ್ಕ. ಬೆಳಗ್ಗೆ, ಸಂಜೆ, ತಂಪು ತಿಂಗಳುಗಳನ್ನು ಸೇರಿಸಿದರೆ ಅದು ಇನ್ನೂ ಇಳಿಯುತ್ತದೆ. ವಯಸ್ಸಿನ ಲಾಭವೂ ಹಾಗೆಯೇ. 25ನೇ ವರ್ಷದ 92 ಮತ್ತು 85ರ ಅಂತರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಮೊದಲ ವರ್ಷದಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಇಡೀ ಅವಧಿಯ ಸರಾಸರಿ ತೆಗೆದರೆ ಉಳಿಯುವುದು ಮತ್ತೊಂದು ಶೇಕಡಾ ನಾಲ್ಕು. ಎರಡನ್ನೂ ಉದಾರವಾಗಿ ಕೂಡಿದರೂ ಎಂಟು ದಾಟುವುದಿಲ್ಲ. ಇಪ್ಪತ್ತು ಕೊಟ್ಟು ಎಂಟು ಕೊಳ್ಳುವ ಈ ವ್ಯಾಪಾರವನ್ನು ನಾನು ಮಾಡಿದ್ದೇನೆ; ಇನ್ನೊಬ್ಬರು ಮಾಡಬಾರದೆಂಬುದೇ ನನ್ನ ಕಳಕಳಿ.

ಇಪ್ಪತ್ತೈದು ವರ್ಷಗಳ ಭರವಸೆಯ ಬಗ್ಗೆಯೂ ಒಂದು ಮಾತು. ಭರವಸೆ ಬಾಳುವುದು ಅದನ್ನು ಕೊಟ್ಟ ಕಂಪನಿ ಬಾಳುವಷ್ಟು ಕಾಲ. ಪ್ರೀಮಿಯಂ ಎಂದೊಡನೆ ಜಗತ್ತಿನಲ್ಲಿ ಮೊದಲು ನೆನಪಾಗುತ್ತಿದ್ದ ಹೆಸರುಗಳ ಪೈಕಿ ಎಲ್‌ಜಿ 2022ರಲ್ಲಿ ಫಲಕಗಳ ವ್ಯವಹಾರದಿಂದ ಹೊರನಡೆಯಿತು; ತನ್ನದೇ ಕಾರ್ಖಾನೆಗಳಲ್ಲಿ ಫಲಕ ತಯಾರಿಸುವುದನ್ನು ನಿಲ್ಲಿಸುವುದಾಗಿ ಪ್ಯಾನಸೋನಿಕ್ 2021ರಲ್ಲಿ ಪ್ರಕಟಿಸಿತು; ಸನ್‌ಪವರ್ 2024ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಗ್ರಾಹಕರ ವಾರಂಟಿಯನ್ನು ಮುಂದುವರಿಸುವುದಾಗಿ ಎಲ್‌ಜಿ ಹೇಳಿದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಆದರೂ ದುಬಾರಿ ಹೆಸರಿಗೆ ತೆತ್ತ ಹಣದಲ್ಲಿ ದೊಡ್ಡ ಪಾಲು ಈ ದೀರ್ಘಾಯುಷ್ಯದ ನಂಬಿಕೆಗೇ ಸಲ್ಲುತ್ತದೆ ಎಂದಾಗ, ನಂಬಿಕೆ ಎಷ್ಟು ಗಟ್ಟಿಯೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಈಗ ನನ್ನ ಚಾವಣಿಯ ಕಥೆ. ಅಂದು ಫಲಕಗಳಿಗೇ ಹಣ ಸುರಿದುದರಿಂದ ಉಳಿದ ಕಡೆಯೆಲ್ಲ ಕೈ ಬಿಗಿ ಹಿಡಿಯಬೇಕಾಯಿತು. ತಂತಿ, ತಂತಿಗಳನ್ನು ಕೂಡಿಸುವ ಕನೆಕ್ಟರ್, ತಂತಿಯ ತುದಿಯನ್ನು ಅದರ ಲೋಹದ ತೋಳಿನಲ್ಲಿರಿಸಿ ಒತ್ತು ಹಾಕುವ ಕೆಲಸ ಇವುಗಳಲ್ಲಿ ಎಲ್ಲಿ ಉಳಿತಾಯ ಮಾಡಬಹುದೆಂದು ಅಳವಡಿಸುವವರು ಕೇಳಿದಾಗ, ‘ಅದೆಲ್ಲ ನಿಮಗೆ ಬಿಟ್ಟದ್ದು’ ಎಂದವನು ನಾನೇ. ಐದನೇ ವರ್ಷದ ಕೊನೆಗೆ ಉತ್ಪಾದನೆ ಅರ್ಧಕ್ಕೆ ಇಳಿಯಿತು. ಮೋಡದ ದಿನಗಳೆಂದು ಎರಡು ತಿಂಗಳು ಸಮಾಧಾನ ಮಾಡಿಕೊಂಡೆವು. ಮೋಡ ಸರಿದು ನಿಚ್ಚಳ ಬಿಸಿಲು ಬಂದರೂ ಇನ್ವರ್ಟರಿನ ಪರದೆಯಲ್ಲಿ ಎರಡನೆಯ ಸ್ಟ್ರಿಂಗಿನ, ಅಂದರೆ ಒಂದಕ್ಕೊಂದು ಸಾಲಾಗಿ ಜೋಡಿಸಿದ ಫಲಕಗಳ ಎರಡನೆಯ ಸರಣಿಯ ಎದುರು ಸೊನ್ನೆಯೇ ಇತ್ತು.

ಫಲಕ ತಯಾರಿಸಿದವರಿಗೆ ಬರೆದೆವು. ಅವರು ಚಿತ್ರಗಳನ್ನು ಕೇಳಿದರು, ಕ್ರಮಸಂಖ್ಯೆಗಳನ್ನು ಕೇಳಿದರು, ಬಳಿಕ ಪ್ರತಿ ಫಲಕದ ಅಳತೆಯನ್ನು ಅರ್ಹ ತಂತ್ರಜ್ಞರಿಂದ ಮಾಡಿಸಿ ಕಳುಹಿಸುವಂತೆ ಹೇಳಿದರು. ಬೇರೊಬ್ಬ ತಂತ್ರಜ್ಞರು ಬಂದು ಮೊದಲು ಇನ್ವರ್ಟರನ್ನು ನಿಲ್ಲಿಸಿ, ಆಮೇಲೆ ಫಲಕಗಳಿಂದ ಇನ್ವರ್ಟರಿಗೆ ಬರುವ ವಿದ್ಯುತ್ತನ್ನು ಕಡಿಯುವ ಡಿಸಿ ಸ್ವಿಚ್ಚನ್ನು ಆರಿಸಿ, ಹರಿವು ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡ ನಂತರವೇ ಫಲಕಗಳ ಕೆಳಗೆ ಕೈ ಹಾಕಿದರು. ಮೂರನೆಯ ಮತ್ತು ನಾಲ್ಕನೆಯ ಫಲಕಗಳ ನಡುವಿನ ಕನೆಕ್ಟರ್ ಹೊರಗೆ ಬಂದಾಗ ಅದರ ಕಪ್ಪು ಪ್ಲಾಸ್ಟಿಕ್ ಕರಗಿ ಒಂದು ಬದಿಗೆ ವಾಲಿ ಗಟ್ಟಿಯಾಗಿತ್ತು. ಕತ್ತರಿಸಿ ಬಿಡಿಸಿದರೆ ಒಳಗಿನ ತಾಮ್ರದ ಎಳೆಗಳಲ್ಲಿ ಅರ್ಧದಷ್ಟು ಮಾತ್ರ ಲೋಹದ ತೋಳಿನೊಳಗೆ ಸೇರಿದ್ದವು, ಉಳಿದವು ಹೊರಗೇ ಮಡಚಿಕೊಂಡು ಹಸಿರುಗಟ್ಟಿದ್ದವು. ಮೇಲಾಗಿ ಗಂಡು ತುದಿ ಒಂದು ತಯಾರಕರದು, ಹೆಣ್ಣು ತುದಿ ಇನ್ನೊಬ್ಬರದು. ಹಾಗೆ ಬೆರೆಸಿ ಜೋಡಿಸುವುದು ಸೌರವ್ಯವಸ್ಥೆಗಳಲ್ಲಿ ಬೆಂಕಿಯ ಅಪಾಯಕ್ಕೆ ಕಾರಣವಾಗುವ ತಪ್ಪುಗಳಲ್ಲೊಂದು ಎಂದು ಅವರು ವಿವರಿಸಿದಾಗ, ಅದೇ ಚಾವಣಿಯ ಅಡಿಯಲ್ಲಿ ಮಕ್ಕಳು ಮಲಗುತ್ತಿದ್ದ ಕೋಣೆ ನೆನಪಾಗಿ ಮೈ ತಣ್ಣಗಾಯಿತು.

ಫಲಕಗಳಿಗೆ ಏನೂ ಆಗಿರಲಿಲ್ಲ. ಅಳತೆಯಲ್ಲಿ ಒಂದೊಂದೂ ಚೊಕ್ಕವಾಗಿ ಬಂತು. ಆದ್ದರಿಂದ ವಾರಂಟಿಯೂ ಅನ್ವಯಿಸಲಿಲ್ಲ. ದೋಷ ಫಲಕದ್ದಲ್ಲ, ಜೋಡಣೆಯದು ಎಂದು ಫಲಕ ತಯಾರಕರು ಬರೆದದ್ದು ನಿಜವೇ ಆಗಿತ್ತು. ಜಗತ್ತಿನ ನಾನಾ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ ಸಿಲಿಕಾನ್ ಫಲಕಗಳ ಕುಸಿತದ ಮಧ್ಯಮಾಂಕ ವರ್ಷಕ್ಕೆ ಶೇಕಡಾ 0.5ರಷ್ಟೇ ಎಂದು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಸಂಶೋಧಕರು ಹಿಂದೆಯೇ ತೋರಿಸಿದ್ದಾರೆ. ನನಗೋ ಎರಡು ತಿಂಗಳು ಶೇಕಡಾ 50 ಹೋಯಿತು. ಆ ನಷ್ಟಕ್ಕೆ ಕಾರಣವಾದ ವಸ್ತು ಬೆರಳಿನಷ್ಟು ಉದ್ದವಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗವಾದದ್ದೂ ಅದೇ.

ಇನ್ನೊಂದನ್ನೂ ಹೇಳಬೇಕು. ಅಂದು ನಾನು ಪ್ರೀಮಿಯಂ ಎಂದು ಕೊಂಡ ಎನ್-ಮಾದರಿ ಎಂಬ ಬಗೆಯ ಸಿಲಿಕಾನ್ ಕೋಶ ಇಂದು ಸಾಮಾನ್ಯ ಫಲಕಗಳಲ್ಲಿಯೇ ಬರುತ್ತಿದೆ; ಎರಡೂ ಬದಿಗೆ ಗಾಜು, ಅರ್ಧ ಕತ್ತರಿಸಿದ ಕೋಶಗಳು ಕೂಡ ವಿಶೇಷವಾಗಿ ಉಳಿದಿಲ್ಲ. ಫಲಕದ ಬಾಳಿಕೆ ಮತ್ತು ಸುರಕ್ಷತೆಯನ್ನು ನೋಡುವ ಐಇಸಿ 61215 ಮತ್ತು ಐಇಸಿ 61730 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಪರೀಕ್ಷೆಗಳಲ್ಲಿ ತೇರ್ಗಡೆಯಾದ, ಸ್ಥಿರವಾದ ತಯಾರಕರ ಸಾಮಾನ್ಯ ಫಲಕವನ್ನು ಆರಿಸಿದರೆ ಹೆದರಬೇಕಾದದ್ದಿಲ್ಲ. ಇನ್ವರ್ಟರನ್ನು ಹತ್ತರಿಂದ ಹದಿನೈದು ವರ್ಷಗಳಲ್ಲಿ ಒಮ್ಮೆಯಾದರೂ ಬದಲಿಸಬೇಕಾಗಿ ಬರುವುದು ಸಾಮಾನ್ಯ. ಫಲಕದಲ್ಲಿ ಉಳಿಸಿದ ಹಣವನ್ನು ಅದಕ್ಕೆಂದು ತೆಗೆದಿಡಬಹುದು.

ಕಳೆದ ವರ್ಷ ತಂಗಿಯ ಮನೆಗೆ ಸೌರವ್ಯವಸ್ಥೆ ಹಾಕಿಸುವಾಗ ಫಲಕಗಳನ್ನು ಸಾಮಾನ್ಯ ದರ್ಜೆಯಲ್ಲಿಯೇ ಆರಿಸಿದೆವು. ಉಳಿದ ಹಣದಲ್ಲಿ ಒಂದೇ ತಯಾರಕರ ಕನೆಕ್ಟರ್‌ಗಳನ್ನು, ದಪ್ಪ ತಂತಿಯನ್ನು, ಪ್ರತಿ ಸ್ಟ್ರಿಂಗಿನ ಉತ್ಪಾದನೆಯನ್ನು ದಿನವೂ ತೋರಿಸುವ ಮಾಪಕವನ್ನು ತರಿಸಿದೆವು. ಒತ್ತು ಹಾಕುವಾಗ ನಾನು ಪಕ್ಕದಲ್ಲಿ ನಿಂತು, ಪ್ರತಿಯೊಂದು ತುದಿಯನ್ನೂ ಎಳೆದು ನೋಡಿದ ಮೇಲೆಯೇ ಅದನ್ನು ಫಲಕದ ಕೆಳಗೆ ಕಟ್ಟಲು ಬಿಟ್ಟೆ.