100ಕ್ಕೆ 95 ಗೂಡು ಖಾಲಿ ಅನ್ನೋ ಲೆಕ್ಕ: ಒಂದು ಸ್ಪಷ್ಟನೆ

"ಕಾಡು ತುಂಡಾದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ 100 ಗೂಡಲ್ಲಿ 95 ಖಾಲಿ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಸಂಖ್ಯೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಕಥೆ.

ಅದರ ಮೂಲ ಅಮೆರಿಕದ ಪರಿಸರ ವಿಜ್ಞಾನಿ ಡೇವಿಡ್ ವಿಲ್ಕೋವ್ 1985ರಲ್ಲಿ ಪ್ರಕಟಿಸಿದ ಪ್ರಯೋಗ. ಅಲ್ಲಿನ ಮೇರಿಲ್ಯಾಂಡ್ ರಾಜ್ಯದಲ್ಲಿ, ಊರ ಪಕ್ಕದ ಒಂದು ಪುಟ್ಟ ಕಾಡಿನ ತುಂಡಿನಲ್ಲಿ ಹೆಚ್ಚುಕಡಿಮೆ ಅಷ್ಟು ಗೂಡಿನ ಮೊಟ್ಟೆ ಬೇರೆ ಪ್ರಾಣಿಗಳ ಪಾಲಾಗಿದ್ದು ನಿಜ. ಗ್ರೇಟ್ ಸ್ಮೋಕಿ ಬೆಟ್ಟಗಳ ದೊಡ್ಡ ಕಾಡಿನಲ್ಲಿ ಮಾತ್ರ 100ಕ್ಕೆ ಸುಮಾರು 2. ಈ ಎರಡನೇ ಸಂಖ್ಯೆಯನ್ನ ಯಾರೂ ಫಾರ್ವರ್ಡ್ ಮಾಡಲ್ಲ!

ಇನ್ನೊಂದು ವಿಷಯ, ಅವು ನಿಜವಾದ ಗೂಡುಗಳೇ ಅಲ್ಲ. ಮನುಷ್ಯರು ಇಟ್ಟ ಗೂಡು, ಒಳಗೆ ಕ್ವೇಲ್ (ಲಾವಕ್ಕಿ) ಮೊಟ್ಟೆ, ಕಾಯೋಕೆ ತಾಯಿ ಹಕ್ಕಿ ಇಲ್ಲ. ಕ್ವೇಲ್ ಮೊಟ್ಟೆ ಸಣ್ಣ ಹಾಡುಹಕ್ಕಿಗಳ ಮೊಟ್ಟೆಗಿಂತ ದೊಡ್ಡದು, ಇಲಿಯ ಬಾಯಿಗೆ ಸುಲಭವಾಗಿ ಸಿಗಲ್ಲ, ಹಾಗಾಗಿ ಇಲಿ ತಿನ್ನುವ ಪಾಲು ಲೆಕ್ಕದಿಂದ ತಪ್ಪಿಹೋಗಬಹುದು. ಇಂಥ ಗೂಡುಗಳಿಂದ ಎರಡು ಜಾಗ ಹೋಲಿಸಬಹುದು, ನಿಜವಾದ ನಷ್ಟ ಎಣಿಸೋದು ಕಷ್ಟ.

ಹಾಗಂತ "ಕಾಡು ತುಂಡಾದರೆ ಏನೂ ಆಗಲ್ಲ" ಅನ್ನೋದೂ ತಪ್ಪು. ತುಂಡು ಚಿಕ್ಕದಾದಷ್ಟೂ ಅಂಚು ಜಾಸ್ತಿ, ಅಲ್ವಾ? ಸುತ್ತ ಹೊಲ, ಮನೆ, ಕಸ ಇದ್ದರೆ ಕಾಗೆ, ಬೆಕ್ಕು, ನಾಯಿ, ಅಮೆರಿಕದಲ್ಲಾದರೆ ರಕೂನ್ ಅನ್ನೋ ಕಾಡುಪ್ರಾಣಿ ಎಲ್ಲ ಅಲ್ಲೇ ಬೀಡುಬಿಡುತ್ತವೆ. 1994ರಲ್ಲಿ ಪೇಟನ್ ಅನ್ನೋ ಸಂಶೋಧಕರು ಹಲವು ಅಧ್ಯಯನ ಒಟ್ಟಿಗೆ ನೋಡಿದಾಗ ಅಂಚಿನ ಪರಿಣಾಮ, ಅಂದರೆ ಅಂಚಿನ ಹತ್ತಿರ ಗೂಡು ಹೆಚ್ಚು ನಾಶವಾಗೋದು, ಎದ್ದು ಕಂಡಿದ್ದು ಅಂಚಿನಿಂದ ಸುಮಾರು 50 ಮೀಟರ್ ಒಳಗೆ. ಆಮೇಲಿನ ಎಷ್ಟೋ ಅಧ್ಯಯನಗಳಲ್ಲಿ ಅದು ಕಾಣಲೇ ಇಲ್ಲ, ಅಲ್ಲಿ ಮೊಟ್ಟೆ ತಿನ್ನುವ ಪ್ರಾಣಿಗಳೇ ಬೇರೆ ಇರೋದು ಅದಕ್ಕೆ ಒಂದು ಕಾರಣ ಇರಬಹುದು. ಮೇರಿಲ್ಯಾಂಡಿನ ಲೆಕ್ಕವನ್ನ ಸುಮ್ನೆ ತಂದು ನಮ್ಮ ಮಲೆನಾಡಿನ ಕಾಡುಕೋಳಿಗೆ ಅಂಟಿಸಬೇಡಿ.